ಮೊಳೆ ಇಲ್ಲದ ಕುರ್ಚಿ

ನನ್ನ ಸೋದರಮಾವನಿಗೆ ತಲೆ ಕೆಟ್ಟಿತ್ತು ಎನ್ನುವವರ ಮಾತನ್ನು ನಾನು ಸುತರಾಂ ಒಪ್ಪುವುದಿಲ್ಲ. ಕೆಡಬೇಕಾದರೆ ತಲೆ ಜಾಗದಲ್ಲಿರಬೇಕಲ್ಲ! ಅವನದ್ದು ಎರಡು ವರ್ಷ ಹಲಸಿನ ಹಲಗೆಯೊಳಗೆ ಎಲ್ಲೋ ಅಲೆಯುತ್ತಿತ್ತು.

ಕಾರಣ ಒಂದು ಕುರ್ಚಿ. ಯಲ್ಲಾಪುರದಲ್ಲಿ ಬಸ್ ಕಂಡಕ್ಟರಾಗಿ ನಿವೃತ್ತನಾದ ಮಾವ, ಅಕ್ಕನಿಗೆ, ಅಂದರೆ ನನ್ನ ಅಮ್ಮನಿಗೆ, ಶಿರಸಿ ಪೇಟೆಯಿಂದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದುಕೊಟ್ಟ. ಮೂರನೇ ದಿನ ಅದರ ಕಾಲು ಮುರಿದು ಅಮ್ಮ ಬಿದ್ದಳು. ಸೊಂಟದ ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಆಮೇಲೆ ಯಾವ ಕುರ್ಚಿಯನ್ನು ಕಂಡರೂ ಅವಳಿಗೆ ಹೆದರಿಕೆ. ನೆಲಕ್ಕೆ ಕೂರಲು ಮಂಡಿ ಬಿಡದು. ಹಾಸಿಗೆಯಲ್ಲೇ ಊಟ, ಹಾಸಿಗೆಯಲ್ಲೇ ಹೂಬತ್ತಿ ಹೊಸೆಯುವುದು. ಸಿದ್ದಾಪುರದ ನಮ್ಮ ಮನೆಯ ಜಗಲಿಯಲ್ಲಿ ಕೂತು ದಾರಿಹೋಕರನ್ನೆಲ್ಲ ಮಾತಾಡಿಸುತ್ತಿದ್ದವಳು ಗೋಡೆ ನೋಡುತ್ತ ಮಲಗಿಬಿಟ್ಟಳು. ಹೀಗೇ ಮಲಗಿದ್ದರೆ ಕಾಲಿನ ಶಕ್ತಿಯೇ ಹೋಗುತ್ತದೆ ಎಂದು ಡಾಕ್ಟರು ಹೆದರಿಸಿದರು.

ಮಾವ ಮರುವಾರವೇ ಬಂದ. ಹಳೇ ಖಾಕಿ ಅಂಗಿಯಲ್ಲಿ ಉಳಿ, ಕೊಡತಿ, ಗರಗಸ, ರಂದಾ ಎಲ್ಲವನ್ನೂ ಸುತ್ತಿಕೊಂಡು ಬಂದವನು ಹಿಂದಿನ ಕಟ್ಟಿಗೆಮನೆಯಲ್ಲಿ ಠಿಕಾಣಿ ಹೂಡಿದ. ಮುರಿಯದ ಕುರ್ಚಿ ಮಾಡುತ್ತಾನಂತೆ! ಮೊಳೆ ಇಲ್ಲ, ಅಂಟು ಇಲ್ಲ. ಒಂದು ತುಂಡಿನ ತುದಿಯಲ್ಲಿ ನಾಲಿಗೆ ಕೊರೆಯುವುದು, ಇನ್ನೊಂದರಲ್ಲಿ ಅದಕ್ಕೆ ಸರಿಯಾಗಿ ತೂತು ತೋಡುವುದು, ಎರಡನ್ನೂ ತಟ್ಟಿ ಕೂಡಿಸುವುದು, ಅಷ್ಟೆ.

"ಮರ ಹಿಡ್ಕಂಬಲೆ ಮರವೇ ಸಾಕು, ಮೊಳೆ ಎಂತಕ್ಕೆ?" ಎಂದು ನನ್ನನ್ನೇ ಕೇಳಿದ. ನನಗೇನು ಗೊತ್ತು? ನಾನು ಜೀವಮಾನದಲ್ಲಿ ಕೂಡಿಸಿದ್ದು ಪೆನ್ನಿಗೆ ಕ್ಯಾಪು ಮಾತ್ರ.

ಅವನು ಕೆಲಸ ಮಾಡುತ್ತಿದ್ದನೋ ಕನಸು ಕಾಣುತ್ತಿದ್ದನೋ, ಹೇಳುವುದು ಕಷ್ಟ. ಒಂದು ಗೆರೆ ಎಳೆದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದನೆಂದರೆ ಅರ್ಧ ತಾಸು ಕಣ್ಣು ಮುಚ್ಚಿ ಹಲಗೆಯನ್ನು ಮೂಸುತ್ತ ಕೂರುತ್ತಿದ್ದ. ಮಾಡಿನ ಗಾಜಿನ ಹೆಂಚಿನಿಂದ ಇಳಿದ ಬಿಸಿಲಲ್ಲಿ ಮರದ ಪುಡಿ ಹಳದಿಯಾಗಿ ತೇಲುತ್ತಿತ್ತು. ರಂದಾದ ಬಾಯಿಂದ ತೆಳ್ಳಗಿನ ಸುರುಳಿಗಳು ಒಂದರ ಮೇಲೊಂದು ಬೀಳುತ್ತಿದ್ದವು. ಸರ್... ಸರ್... ಎನ್ನುವ ಆ ಸದ್ದಿಗೆ ಎಷ್ಟೋ ಮಧ್ಯಾಹ್ನ ನಾನು ಬಾಗಿಲಲ್ಲೇ ತೂಕಡಿಸಿದ್ದೇನೆ. ಒಳಗೆ ಅಮ್ಮನಿಗೂ ಅದನ್ನು ಕೇಳುತ್ತಲೇ ಜೊಂಪು ಹತ್ತುತ್ತಿತ್ತು.

ಅಂಥವನನ್ನು ಮನ್ಮನೆ ಊರಿನ ಮದುವೆಯೊಂದಕ್ಕೆ ಕರೆದೊಯ್ದದ್ದು ನನ್ನ ತಪ್ಪು. ಊಟಕ್ಕೆ ಕೂತವನು ಎಲೆಯ ಮುಂದಿನಿಂದ ಮಾಯ! ಬಗ್ಗಿ ನೋಡಿದರೆ ಟೇಬಲ್ಲಿನ ಅಡಿ ಸೇರಿಕೊಂಡು ಅದರ ಮೂಲೆಗಳನ್ನು ಬೆರಳಿನಿಂದ ಸವರುತ್ತಿದ್ದಾನೆ. ಬಡಿಸುವವರು ಖಾಲಿ ಜಾಗ ಕಂಡು ಮುಂದೆ ಹೋದರು. ಎರಡು ಸುತ್ತು ಪಾಯಸ ತಪ್ಪಿಸಿಕೊಂಡು ಮೇಲೆದ್ದ ಮಾವ ಹೇಳಿದ್ದು ಎರಡೇ ಮಾತು: "ಬರೀ ಮೊಳೆ." ಪಕ್ಕದಲ್ಲಿದ್ದ ಬೀಗರು ತಮ್ಮ ಎಲೆಯನ್ನು ಒಂದು ಮೊಳ ದೂರ ಸರಿಸಿಕೊಂಡರು.

ಮೊದಲ ಕುರ್ಚಿ ಆಷಾಢದಲ್ಲಿ ಮುಗಿಯಿತು. ಬಿಗಿ ಎಂದರೆ ಬಿಗಿ! ಪರೀಕ್ಷೆಗೆಂದು ನನ್ನನ್ನು ಕೂರಿಸಿ, ನನ್ನ ತೊಡೆಯ ಮೇಲೆ ರುಬ್ಬುವ ಕಲ್ಲು ಇಟ್ಟ. ಕುರ್ಚಿ ಕಮಕ್ ಕಿಮಕ್ ಎನ್ನಲಿಲ್ಲ, ನಾನು ಅಂದೆ. ಆದರೂ ಅವನಿಗೆ ನಂಬಿಕೆ ಇಲ್ಲ, ಬೇಸಿಗೆವರೆಗೆ ನೋಡೋಣ ಎಂದ. ಕಾದದ್ದು ಒಳ್ಳೆಯದೇ ಆಯಿತು. ಮಳೆಯ ಹಸಿ ಹವೆಗೆ ಉಬ್ಬಿದ್ದ ಮರ ಮಾಘದ ಒಣಗಾಳಿಗೆ ಕುಗ್ಗಿ, ಎಲ್ಲ ಸಂದುಗಳೂ ಗಡಗಡ! ಮಾವ ಅದನ್ನು ಬಚ್ಚಲೊಲೆಗೆ ಹಾಕಿದ. ಹೊಸ ಹಲಗೆಗಳನ್ನು ಅಡುಗೆಮನೆಯ ಅಟ್ಟದ ಹೊಗೆಯಲ್ಲಿ ತಿಂಗಳುಗಟ್ಟಲೆ ಒಣಗಿಸಿ ಮತ್ತೆ ಗೆರೆ ಎಳೆಯಲು ಕೂತ. ಊರಿಡೀ ನಕ್ಕಿತು, ನಾನೂ ನಕ್ಕೆ. ಅಷ್ಟರಲ್ಲಿ ಅಮ್ಮನ ಕಾಲುಗಳು ಇನ್ನಷ್ಟು ಸಣ್ಣವಾಗಿದ್ದವು.

ಈ ವರ್ಷ ಎರಡನೆಯ ಕುರ್ಚಿ ಅವಳ ಕೋಣೆಗೆ ಬಂತು. ಮಾವ ತಾನೇ ಕೂತು ಕುಲುಕಾಡಿ ತೋರಿಸಿದ. ಅಮ್ಮ ನೋಡಿದಳು, ಹೆದರಿಕೆ ಆಗುತ್ತದೆ ಎಂದಳು, ಗೋಡೆಯ ಕಡೆ ತಿರುಗಿಕೊಂಡಳು.

ಆಗ ಅವನು ಮಾಡಿದ್ದೇನು ಗೊತ್ತೇ? ಕೊಡತಿ ತಂದು, ತಟ್ಟಿ ತಟ್ಟಿ, ಇಡೀ ಕುರ್ಚಿಯನ್ನು ಬಿಚ್ಚಿಬಿಟ್ಟ! ಎರಡು ವರ್ಷದ ಕೆಲಸವನ್ನು ಹಾಸಿಗೆಯ ಮೇಲೆ ಹರಡಿ, ಕೊಡತಿಯನ್ನು ಅಕ್ಕನ ಕೈಗೆ ಕೊಟ್ಟ.

"ನೀನೇ ಕೂಡ್ಸು ಅಕ್ಕಾ. ಎಲ್ಲಾದ್ರೂ ಮುರಿತ್ತಾ ನೋಡು."

ಅಮ್ಮ ದಿಂಬಿಗೊರಗಿ ಎದ್ದು ಒಂದು ತುಂಡನ್ನು ಎತ್ತಿಕೊಂಡಳು. ನಾಲಿಗೆಯನ್ನು ತೂತಿಗೆ ಹಿಡಿದು ಮೆಲ್ಲಗೆ ತಟ್ಟಿದಳು. ಒಳಗೆ ಹೋಯಿತು. ಎಳೆದು ನೋಡಿದಳು, ಬರಲಿಲ್ಲ. ಇನ್ನೊಂದು ಎತ್ತಿಕೊಂಡಳು. ಬಿಸಿಲು ಕಿಟಕಿಯಿಂದ ಹಾಸಿಗೆಗೆ, ಹಾಸಿಗೆಯಿಂದ ನೆಲಕ್ಕೆ ಇಳಿಯುವವರೆಗೂ ಕೋಣೆಯಲ್ಲಿ ಕೊಡತಿಯ ಸದ್ದೊಂದೇ. ಕೊನೆಗೆ ಕುರ್ಚಿ ನಾಲ್ಕು ಕಾಲಿನ ಮೇಲೆ ನಿಂತಿತು. ಅಮ್ಮ ನನ್ನ ಹೆಗಲು ಹಿಡಿದು ಎದ್ದಳು, ಕಣ್ಣು ಮುಚ್ಚಿದಳು, ಕೂತಳು.

ಕುರ್ಚಿ ಕಿರ್ ಎನ್ನಲಿಲ್ಲ. ಮಾವ ಮಾತ್ರ ಅವಳ ಕಾಲ ಬುಡದಲ್ಲಿ ಕುಸಿದು ಕೂತು, "ಎನ್ನಿಂದಲೇ ಬಿದ್ದೆ ನೀನು" ಎಂದು ಅತ್ತುಬಿಟ್ಟ. ಅರವತ್ತು ದಾಟಿದವನು ಹೀಗೆ ಅಳುವುದನ್ನು ನಾನು ಕಂಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಅಮ್ಮ ಅವನ ತಲೆಗೂದಲಿಗೆ ಸಿಕ್ಕಿದ್ದ ಮರದ ಸುರುಳಿಯನ್ನು ಬಿಡಿಸಿದಳು, ಬೆನ್ನು ಸವರಿದಳು.

"ಅಳಡ ತಮಾ. ಈಗಾದ್ರೂ ಸಮಾ ಉಣ್ಣು. ನೀನು ಹೊಟ್ಟೆ ತುಂಬ ಉಣ್ಣದ್ದೆ ಎರಡು ವರ್ಷ ಆತು."

ಅವನನ್ನು ನೋಡಿ ನಗುತ್ತಿದ್ದ ನಮಗ್ಯಾರಿಗೂ ಅದು ಕಂಡಿರಲಿಲ್ಲ.