ಮಾವ ಪರದೆ ಆರಿಸಿದ್ದು

ನಮ್ಮ ಸೋದರಮಾವನನ್ನು ಒಂದೇ ಮಾತಿಗೆ ಒಪ್ಪಿಸಿ ಏನನ್ನಾದರೂ ಮಾರಿದ ಅಂಗಡಿಯವನು ಬಂಗಾರಪೇಟೆಯಲ್ಲಿದ್ದರೆ ಹೇಳಿ, ನಾನೇ ಹೋಗಿ ಕೈಮುಗಿದು ಬರುತ್ತೇನೆ! ಚಪ್ಪಲಿ ಕೊಳ್ಳುವ ಮುಂಚೆ ಅದನ್ನು ಹಾಕಿಕೊಂಡು ರೈಲ್ವೆ ಸ್ಟೇಷನ್‌ವರೆಗೆ ನಡೆದು ನೋಡಿದ ಆಸಾಮಿ ಅವರು. ಅಂಥವರು ಹೋದ ವರ್ಷ, ಪುಸ್ತಕ ಓದಲು ಕೈಯಲ್ಲಿ ಹಿಡಿಯುವಂಥ ಯಂತ್ರವೊಂದನ್ನು ಆರಿಸಿಕೊಡು ಎಂದು ನನ್ನನ್ನೇ ಕೇಳಿದರು. ನನಗೋ ಹೆಮ್ಮೆ. ವಾರವಿಡೀ ವಿಡಿಯೋ ನೋಡಿ ಪಿಕ್ಸೆಲ್ಲು, ರೆಸಲ್ಯೂಷನ್ನು ಬಾಯಿಪಾಠ ಮಾಡಿದೆ. ವರ್ಷಕ್ಕೊಂದು ಪುಸ್ತಕ ಮುಗಿಸದ ನಾನು ಓದುವ ಪರದೆಯ ಪಂಡಿತನಾದದ್ದು ಹೀಗೆ.

ಆಮೇಲೆ ನನ್ನದೇ ಟ್ಯಾಬ್ ಹಿಡಿದು ಆಂಡರ್ಸನ್‌ಪೇಟೆಯ ಅವರ ಮನೆಗೆ ಹೋದೆ. ಮಾವ ಅದನ್ನು ನೇರ ಅಂಗಳದ ಬಿಸಿಲಿಗೆ ಒಯ್ದರು. ಚಿನ್ನದ ಗಣಿಯೊಳಗೆ ತಲೆಗೆ ದೀಪ ಕಟ್ಟಿಕೊಂಡು ದುಡಿದ ಜೀವ; ಗಣಿ ಮುಚ್ಚಿದಂದಿನಿಂದ ಓದುವುದು ಬಿಸಿಲಲ್ಲೇ ಎಂಬ ಹಟ. ಮಧ್ಯಾಹ್ನದ ಬಿಸಿಲಿಗೆ ಪರದೆಯ ಅಕ್ಷರವೆಲ್ಲ ಮಾಯ. ನನ್ನ ಉಪನ್ಯಾಸ ಮಾತ್ರ ನಿಲ್ಲಲಿಲ್ಲ. ಮಾವ ಗಂಭೀರವಾಗಿ ಕೇಳಿಸಿಕೊಳ್ಳುತ್ತಲೇ ಜೇಬಿನಿಂದ ಬಾಚಣಿಗೆ ತೆಗೆದು, ಪರದೆ ನೋಡಿಕೊಂಡು ಮೀಸೆ ಬಾಚಿದರು.

“ಕನ್ನಡಿ ಚೆನ್ನಾಗೈತೆ ಕಣ್ಲಾ. ಓದೋದು ಎಲ್ಲೈತೆ?”

ಬಂಗಾರಪೇಟೆಯ ಅಂಗಡಿಗೆ ಕರೆದುಕೊಂಡು ಹೋದೆ. ನಾನು ಪಿಕ್ಸೆಲ್ಲು ಶುರುಮಾಡುವಷ್ಟರಲ್ಲಿ ಅಲ್ಲಿದ್ದ ಹುಡುಗಿ, ಬಿಸಿಲಲ್ಲಿ ಓದಲು ಕಾಗದದಂಥ ಪರದೆಯದೇ ಸರಿ ಎಂದು ಒಂದನ್ನು ತೆಗೆದಿಟ್ಟಳು. ನನ್ನ ಒಂದು ವಾರದ ಪಾಂಡಿತ್ಯ ಅರ್ಧ ನಿಮಿಷಕ್ಕೆ ಮಣ್ಣುಪಾಲು. ಮಾವ ಅದನ್ನು ನಡುರಸ್ತೆಗೆ ಒಯ್ದರು. ಆಟೋಗಳು ಎರಡೂ ಕಡೆ ಹಾರ್ನ್ ಹೊಡೆಯುತ್ತಿರಲು ಒಂದು ಪುಟ ಪೂರ್ತಿ ಓದಿ, ಒಳಗೆ ಬಂದು, ಅಕ್ಷರ ಎಷ್ಟು ದೊಡ್ಡದಾಗುತ್ತದೆ ಎಂದಷ್ಟೇ ಕೇಳಿದರು. ಕೊಂಡದ್ದೂ ಆಯಿತು.

ಮುಂದಿನ ವಾರ ಹೋದಾಗ ಅಂಗಳದಲ್ಲಿ ಕೂತಿದ್ದರು. ಪರದೆಯಲ್ಲಿ ಆರೇ ಆರು ಪದ, ಅಂಗಡಿ ಬೋರ್ಡಿನ ಹಾಗೆ. ಈ ಲೆಕ್ಕದಲ್ಲಿ ಕಥೆ ಮುಗಿಯಲು ಇನ್ನೊಂದು ಜನ್ಮ ಬೇಕೆಂದು ನಾನು ನಕ್ಕೆ.

ಮಾವ ದನಿ ತಗ್ಗಿಸಿದರು. “ನಂಗಲ್ಲ ಕಣ್ಲಾ, ನಿಮ್ಮತ್ತೆಗೆ. ಕಣ್ಣು ಮಂಜಾದಾಗಿಂದ ಪುಸ್ತಕ ಮುಟ್ಟಿಲ್ಲ. ನಾನು ಓದಿ ಏಳ್ತೀನಂದ್ರೆ ಬ್ಯಾಡ ಅಂತಾಳೆ.”

ಅಷ್ಟರಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತರು. ಆರೂ ಪದಗಳನ್ನು ತುಟಿ ಆಡಿಸುತ್ತ ಓದಿ ತಲೆಯಾಡಿಸಿದರು. ಮಾವ ಬೆರಳೊತ್ತಿ ಪುಟ ತಿರುಗಿಸಿದರು. ಮತ್ತೆ ಆರು ಪದ, ಮತ್ತೆ ತಲೆಯಾಡಿಸಿದ್ದು. ನಾನು ಅಲ್ಲೇ ನಿಂತಿರುವುದು ಇಬ್ಬರಿಗೂ ಮರೆತಿತ್ತು.

ಒಂದು ಪುಟಕ್ಕೆ ಅತ್ತೆ ತಲೆಯಾಡಿಸಲಿಲ್ಲ. ದಣಿದಳೇನೋ ಎಂದು ಮಾವ ಅವರ ಮುಖ ನೋಡಿದರು.

“ಇರಿ,” ಎಂದರು ಅತ್ತೆ. “ಇಲ್ಲಿ ಚೆನ್ನಾಗೈತೆ. ಇನ್ನೊಂದ್ಸಾರಿ ಓದ್ಕಂತೀನಿ.”