ನಮ್ಮ ಮಾವ ನೋಡಿದ ಏಳು ಬಾವಿ

ಬೀದಿ ನಾಯಿ ಹಿಡಿದು, ಮರಿ ಆಗದಂಗ ಆಪರೇಷನ್ ಮಾಡಿ, ರೇಬೀಸ್ ಸೂಜಿ ಹಾಕಿ, ಗುರುತಿಗೆ ಕಿವಿ ತುದಿ ಚೂರು ಕತ್ತರಿಸಿ, ಹಿಡಿದ ಓಣಿಗೇ ವಾಪಸ್ ಬಿಡೋ ತಂಡದಾಗ ನಾ ಕೆಲಸ ಮಾಡ್ತೀನಿ. ಮಂದಿಗೆ ತಿಳಿಸಿ ಹೇಳೋದು ನನ್ನ ಪಾಲಿಗೆ ಬಂದದ. ನಾಯಿ ಲಗೂ ತಿಳ್ಕೊಂತಾವ. ಮಂದಿದು ಮಾತ್ರ ದಿನಾ ಒಂದು ಫಜೀತಿ ನೋಡ್ರಿ.

೧. ಹಳೇವೇ ಚೊಲೋ ಇದ್ವು

ಮಾನ್ವಿಯ ಒಂದು ಓಣಿಯವರು, "ಹಿಡಿದು ಮತ್ತ ಇಲ್ಲೇ ಬಿಡೋದಾದ್ರ ಹಿಡಿಯೋದ್ಯಾಕ್ರೀ?" ಅಂತ ಜಗಳಕ್ಕ ನಿಂತ್ರು. ಆಮ್ಯಾಲ ತಾವೇ ನಾಯಿಗಳನ್ನ ಟಂಟಂ ಆಟೋದಾಗ ಹೇರಿ ಎಲ್ಲೋ ದೂರ ಬಿಟ್ಟು ಬಂದ್ರು. ಓಣಿ ಖಾಲಿ ಅದ ಅಂತ ಬ್ಯಾರೆ ನಾಯಿ ಬಂದು ಕುಂತವು. ಅವಕ್ಕ ಯಾರ ಗುರುತೂ ಇಲ್ಲ.

ಕಿರಾಣಿ ಅಂಗಡಿ ಚಾಚಾ ಫೋನ್ ಮಾಡಿದ್ರು: "ಮೇಡಂ, ನನ್ನ ಅಂಗಡಿಗೆ ನನ್ನನ್ನೇ ಬಿಡವಲ್ಲವು! ನಮ್ಮ ಹಳೇವನ್ನ ಹುಡುಕಿ ತರ್ರಿ. ಗಿರಾಕಿ ಯಾರು, ಕಳ್ಳ ಯಾರು ಅಂತ ಅವಕ್ಕ ನನಗಿಂತ ಚೊಲೋ ಗೊತ್ತಿತ್ತು!"

೨. ದೀಪದ ಬುಡಕ ಕತ್ತಲಿ

ಹಂಗೇ ಯಾರೋ ತಂದು ಬಿಟ್ಟ ಒಂದು ನಾಯಿ, ರಾಯಚೂರಿನ್ಯಾಗ ನಮ್ಮ ಮಾವನ ಮೀನಖಂಡಕ್ಕ ಬಾಯಿ ಹಾಕ್ತು. ಅದರ ಕಿವಿ ನೋಡಿದೆ, ಗುರುತಿಲ್ಲ. ಅಂದ್ರ ಅದಕ್ಕ ರೇಬೀಸ್ ಸೂಜಿ ಬಿದ್ದಿಲ್ಲ. ನಳದ ಕೆಳಗ ಸಬಕಾರ ಹಚ್ಚಿ ಬಹಳ ಹೊತ್ತು ಗಾಯ ತೊಳೆದು, "ನಡೀರಿ ಮಾವಾ, ದವಾಖಾನಿಗೆ" ಅಂದೆ.

"ಸೂಜಿ ಒಲ್ಲೆ ನಮ್ಮವ್ವಾ. ನಾಯಿ ಕಚ್ಚಿದ್ರ ಏಳು ಬಾವಿ ಹಣಿಕಿ ನೋಡಬೇಕು. ನಮ್ಮಪ್ಪ ಹಂಗೇ ಮಾಡಿ ಗಟ್ಟಿಮುಟ್ಟಾಗಿದ್ದ."

"ಅವರಿಗೆ ಕಚ್ಚಿದ ನಾಯಿಗೆ ರೋಗ ಇರಲಿಲ್ಲ, ಅದಕ್ಕ ಉಳದ್ರು! ರೇಬೀಸ್ ಏರಿತಂದ್ರ ಯಾವ ಡಾಕ್ಟರ ಕೈಲೂ ಉಳಿಸಾಕ ಆಗಂಗಿಲ್ರಿ!"

"ಇದನ್ನೆಲ್ಲಾ ಊರ ಮಂದಿಗೆ ಹೇಳು," ಅಂದ್ರು ಮಾವ. "ನಾ ಮನ್ಯಾಗಿನವ."

೩. ಸೊಸಿ ಕಾಟ

ನಾ ಆಟೋ ಕರ್ಕೊಂಡು ಬರೋದ್ರಾಗ ಮಾವ ಮಾಯ! ನಮ್ಮ ಸುತ್ತಮುತ್ತಲಿನ ಹಳೇ ಬಾವಿಗೆಲ್ಲಾ ಜಾಳಿಗಿ ಹೊಡದಾರ, ಇಲ್ಲಾ ಮುಚ್ಚ್ಯಾರ. ಅದಕ್ಕ ಮಾವ ದೇವದುರ್ಗದ ಬಸ್ ಹತ್ತಿ ಗಬ್ಬೂರಿನ್ಯಾಗ ಇಳಿದಿದ್ರು. ಹಳೇ ಊರು, ಬಾವಿ ಸಿಗತಾವ ಅಂತ. ನಾ ಬಸ್ ಸ್ಟ್ಯಾಂಡಿನ್ಯಾಗ ಹುಚ್ಚಿಯಂಗ ಹುಡುಕಾಡಾಕತ್ತಿದ್ದೆ. ಅವರ ಫೋನಿಂದ ಗಬ್ಬೂರಿನವರು ಯಾರೋ ಮಾತಾಡಿದ್ರು:

"ಯವ್ವಾ, ನಿಮ್ಮ ಮಾವ ಜೀವಕ್ಕ ಬ್ಯಾಸತ್ತಾರೇನು? ಬಾವಿ ಬಾವಿ ಹಣಿಕಿ ನೋಡಿಕೋತ ಹೊಂಟಾರ. ಎರಡು ಬಾವಿ ಆದ ಮ್ಯಾಲ ಹಿಡದು ಕುಂದ್ರಿಸೀವಿ. ಸೊಸಿ ಕಾಟನೇನು?"

"ನಾಯಿ ಕಚ್ಚೇದರೀ! ಕೈ ಮುಗೀತೀನಿ, ಹಂಗೇ ದವಾಖಾನಿಗೆ ಒಯ್ರಿ!"

ಹೆಂಗೂ ರಟ್ಟಿ ಹಿಡದಿದ್ರಲ್ಲ, ಅದೇ ಹಿಡಿತದಾಗ ಒಯ್ದ್ರು ಪುಣ್ಯಾತ್ಮರು. ನಾ ಹೋಗಿ ಮುಟ್ಟೋದ್ರಾಗ ಮೊದಲನೇ ಸೂಜಿ ಬಿದ್ದಿತ್ತು. ಎದಿ ಮ್ಯಾಲಿನ ಕಲ್ಲು ಇಳಿದಂಗಾಗಿ ಅಲ್ಲೇ ಕುಂತು ಅತ್ತುಬಿಟ್ಟೆ.

ಮಾವ ಸಿಟ್ಟಿಲೆ ಅಂದ್ರು: "ಚುಚ್ಚಿದ್ದು ನನಗ. ನೀ ಯಾಕ ಅಳ್ತಿ?"

೪. ಏಳನೇದು

ಒಂದೇ ಸೂಜಿಗೆ ಮುಗಿಯಂಗಿಲ್ಲ, ಡಾಕ್ಟರು ಹೇಳಿದ ದಿನಾನೇ ಮತ್ತ ಮತ್ತ ಹಾಕಿಸಬೇಕು. ಮಾವ ಬಿಲ್ಕುಲ್ ಒಲ್ಲೆ ಅಂತ ಕುಂತ್ರು: "ಉಳಿದ ಬಾವಿ ನೋಡಬೇಕು, ಬಿಡು."

ಇವರಿಗೆ ರೇಬೀಸ್ ಪಾಠ ನಡಿಯಂಗಿಲ್ಲ ಅಂತ ತಿಳೀತು. "ಮಾವಾ, ಒಂದು ಸೂಜಿ ಅಂದ್ರ ಒಂದು ಬಾವಿ ನೋಡಿದಂಗ ಅಂತ ಲೆಕ್ಕಾ ಹಿಡೀರಿ" ಅಂದೆ. ಮೀಸಿ ತಿರುವಿ ವಿಚಾರ ಮಾಡಿ, ಹೂಂ ಅಂದ್ರು. ಅಲ್ಲಿಂದ ಹೇಳಿದ ದಿನ ನನಗಿಂತ ಮೊದಲ ಚಪ್ಪಲಿ ಮೆಟ್ಟಿ ನಿಲ್ಲತಿದ್ರು. ಆ ನಾಯಿನೂ ನಮ್ಮವರು ಹಿಡದು ಕಣ್ಣಾಗಿಟ್ಟು ನೋಡಿದ್ರು, ಅದೂ ಆರಾಮ. ಆಪರೇಷನ್ ಆಗಿ ಕಿವಿ ಗುರುತೂ ಬಿತ್ತು.

ಕಡೀ ಸೂಜಿ ದಿನ ಸಿಸ್ಟರ್, "ಯಜ್ಜಾ, ಕೋರ್ಸ್ ಮುಗೀತು. ಇನ್ನ ಆರಾಮಾಗಿ ಮನಿಗೆ ಹೋಗ್ರಿ" ಅಂದ್ರು. ನಾ ದೇವರಿಗೆ ಕೈ ಮುಗಿದೆ. ಮಾವ ಮಾತ್ರ ಸ್ಟೂಲಿನಿಂದ ಏಳವಲ್ಲರು. ಅಂಗಿ ತೋಳು ಮ್ಯಾಲ ಏರಿಸೇ ಕುಂತಾರ.

"ಅದೆಂಗ ಮುಗೀತವ್ವಾ? ಎರಡು ಬಾವಿ, ನಾಕು ಸೂಜಿ, ಆರೇ ಆತು. ಏಳನೇದು ಹಾಕು!"

ಸಿಸ್ಟರ್ ನನ್ನ ಮಾರಿ ನೋಡಿದ್ರು. ನಾ ಎಲ್ಲಾ ಕಥಿ ಹೇಳಿದೆ. ಹಿಂದ ಪೇಷಂಟ್ ಸಾಲು ಬೆಳೆಯಾಕತ್ತಿತ್ತು. ಸಿಸ್ಟರ್ ಸೀದಾ ಮಾವನ ಕೈ ಹಿಡಿದು ದವಾಖಾನಿ ಹಿತ್ತಲಕ್ಕ ಕರ್ಕೊಂಡು ಹೋಗಿ, ನೀರಿನ ಸಂಪಿನ ಮುಚ್ಚಳ ತೆಗೆದ್ರು.

ಮಾವ ಬಗ್ಗಿ, ಹಣಿಕಿ ನೋಡಿ, ಸಮಾಧಾನದಿಂದ ಅಂಗಿ ತೋಳು ಇಳಿಸಿದ್ರು.

"ಇದನ್ನ ಮೊದಲ ದಿನಾನೇ ತೋರಿಸಿದ್ರ, ಇಷ್ಟೆಲ್ಲಾ ಸೂಜಿ ಯಾಕ ಬೇಕಿತ್ತು?"