ಮಂಜಯ್ಯನ ಕಲ್ಯಾಣಿಗೆ ನನ್ನ ಪೀಠಿಕೆ

ನನಗೆ ಸಂಗೀತ ಬರುವುದಿಲ್ಲ. ಇದು ವಿನಯದ ಮಾತಲ್ಲ, ಸಾಕ್ಷಿಗಳಿದ್ದಾರೆ. ಚಿಕ್ಕಂದಿನಲ್ಲಿ ಬೇಲೂರಿನ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ನಮ್ಮ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, ನೀನು ತುಟಿ ಮಾತ್ರ ಆಡಿಸು, ಸ್ವರ ಬೇಡ ಎಂದಿದ್ದರು. ಮದುವೆಯಾದ ಹೊಸತರಲ್ಲಿ ಒಂದು ದಿನ ಬಚ್ಚಲುಮನೆಯಲ್ಲಿ ಏನೋ ಗುನುಗಿಕೊಂಡಾಗ ನನ್ನ ಹೆಂಡತಿ ಶಾರದೆ, ನೀರು ಬಹಳ ಬಿಸಿಯಾಯಿತೇ ಎಂದು ಬಾಗಿಲಾಚೆಯಿಂದ ಕೇಳಿದ್ದಳು. ಅಂಥ ನಾನು ಅರಸೀಕೆರೆಯಲ್ಲಿ ಸಂಗೀತದ ಕಾರ್ಯಕ್ರಮ ಏರ್ಪಡಿಸಿದೆನೆಂದರೆ ನೀವು ನಗಬಹುದು. ಆದರೆ ನಾನು ಕಂಡಂತೆ ಸಂಗೀತ ಸಭೆಗಳ ಕಾರ್ಯದರ್ಶಿಗಳಲ್ಲಿ ಮುಕ್ಕಾಲು ಪಾಲು ಹಾಡಲಾರದವರೇ. ಹಾಡಬಲ್ಲವರು ಹಾಡಿಕೊಂಡಿರುತ್ತಾರೆ. ನಮ್ಮಂಥವರು ಚಾಪೆ ಹಾಸಿಸುತ್ತೇವೆ, ಹೂವಿನ ಹಾರ ತರಿಸುತ್ತೇವೆ, ಆಮೇಲೆ ಎದ್ದು ನಿಂತು ಮಾತನಾಡುತ್ತೇವೆ.

ಆಗ ನಾನು ಅರಸೀಕೆರೆಯ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿರಬಹುದು. ಬೇಲೂರಿನಲ್ಲಿ ನಮ್ಮ ದಾಯಾದಿಗಳ ಮನೆಯ ಮದುವೆಗೆ ಹೋಗಿದ್ದೆ. ಮುಹೂರ್ತ ತಡವಾಗಿತ್ತು, ಕೂರಲು ಬೇರೆಲ್ಲೂ ಜಾಗವಿಲ್ಲದೆ ವಾಲಗದವರ ಪಕ್ಕದಲ್ಲಿ ಕುಳಿತಿದ್ದೆ. ನಾಗಸ್ವರ ನುಡಿಸುತ್ತಿದ್ದವನು ಹಳೇಬೀಡಿನ ಮಂಜಯ್ಯ, ಐವತ್ತರ ಆಸುಪಾಸಿನ ಕೃಶ ದೇಹದ ಮನುಷ್ಯ. ಡೋಲು ಬಾರಿಸುತ್ತಿದ್ದವನು ಅವನ ಭಾವಮೈದ ಪುಟ್ಟಯ್ಯ. ಮಂಜಯ್ಯ ಕಣ್ಣು ಮುಚ್ಚಿಕೊಂಡು ಏನನ್ನೋ ನಿಧಾನವಾಗಿ ಕಟ್ಟುತ್ತಿದ್ದ. ಸಂಗೀತ ತಿಳಿಯದ ನನಗೂ, ಇವನು ಎಲ್ಲಿಗೋ ಹೊರಟಿದ್ದಾನೆ, ನಮ್ಮನ್ನೂ ಕರೆದುಕೊಂಡು ಹೋಗುತ್ತಿದ್ದಾನೆ ಎಂದು ತೋರತೊಡಗಿತು. ಅಷ್ಟರಲ್ಲಿ ಪುರೋಹಿತರು ಮಂಟಪದಿಂದ ತೋರುಬೆರಳೆತ್ತಿ ಗಟ್ಟಿಮೇಳ ಎಂದರು. ಮಂಜಯ್ಯ ಏರುತ್ತಿದ್ದ ಸ್ವರವನ್ನು ಅಲ್ಲೇ ಕೈಬಿಟ್ಟ. ಪುಟ್ಟಯ್ಯ ಡೋಲು ಬಡಿದ. ತಾಳಿ ಕಟ್ಟಿದ್ದಾಯಿತು, ಜನ ಊಟಕ್ಕೆ ಎದ್ದರು.

ಮೊದಲ ಪಂಕ್ತಿಯಲ್ಲಿ ನನಗೆ ಎಲೆ ಸಿಕ್ಕಲಿಲ್ಲ. ವಾಪಸು ಬಂದು ಮಂಜಯ್ಯನನ್ನು, ಆಗ ನುಡಿಸುತ್ತಿದ್ದುದು ಯಾವ ರಾಗ ಎಂದು ಕೇಳಿದೆ.

"ಕಲ್ಯಾಣಿ ಸ್ವಾಮಿ," ಎಂದ. "ಪೂರ್ತಿ ನುಡಿಸಿದ್ರೆ ಎಂಗಿರ್ತೈತೋ ನಂಗೂ ಗೊತ್ತಿಲ್ಲ. ಅಷ್ಟ್ರೊಳ್ಗೆ ಗಟ್ಟಿಮೇಳ ಅಂದ್ಬಿಡ್ತಾರೆ."

ಇದನ್ನು ಅವನು ದುಃಖದಿಂದ ಹೇಳಲಿಲ್ಲ, ಊರಿಗೆ ಹೋಗುವ ದಾರಿ ಹೇಳುವಂತೆ ಹೇಳಿದ. ಇಪ್ಪತ್ತೈದು ವರ್ಷ ಊದಿದ್ದಾನೆ, ಸಾವಿರಾರು ಜನರ ನಡುವೆ ಊದಿದ್ದಾನೆ, ಒಬ್ಬರೂ ಕೇಳಿಲ್ಲ. ಆ ಮಾತು ನನ್ನನ್ನು ಅರಸೀಕೆರೆಯವರೆಗೂ ಬಿಡಲಿಲ್ಲ. ಬಸ್ಸಿನಲ್ಲೇ ನಿರ್ಧರಿಸಿದೆ. ಮೈಸೂರಿನಿಂದ ಹೆಸರಾಂತ ವಿದ್ವಾಂಸರನ್ನು ಕರೆಸುವವರು ಕರೆಸಲಿ. ನಾನು ನಮ್ಮ ಸುತ್ತಮುತ್ತ ಇದ್ದೂ ಯಾರೂ ಕೇಳದಿರುವವರನ್ನು ಕೂರಿಸಿ ಹಾಡಿಸುತ್ತೇನೆ.

ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ರುದ್ರಪ್ಪನವರು ನನ್ನ ಸ್ನೇಹಿತರು. ಭಾನುವಾರ ಮಧ್ಯಾಹ್ನ ಅವರ ಉಗ್ರಾಣದಲ್ಲಿ ಕೆಲಸವಿರುತ್ತಿರಲಿಲ್ಲ. ನನ್ನ ಯೋಜನೆಯನ್ನು ಪೂರ್ತಿ ಕೇಳಿ, ಆಗಲಿ ಮೇಷ್ಟ್ರೇ, ಆದರೆ ಬಂದವರು ಕೊಬ್ಬರಿ ಮೂಟೆಗೆ ಒರಗಿಕೊಂಡು ನಿದ್ದೆ ಹೋದರೆ ನನ್ನನ್ನು ದೂರಬಾರದು ಎಂದರು. ರುದ್ರಪ್ಪನವರ ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರು ಸಂಗೀತ ಬಲ್ಲವರು. ಅವರಿಗೆ ವಿಷಯ ತಿಳಿದಾಗ, ವಾಲಗಕ್ಕೂ ಕಚೇರಿಯೇ ಎಂದು ಕೇಳಿ ಎಲೆ ಅಡಿಕೆ ಹಾಕಿಕೊಂಡರು.

ಇನ್ನಿಬ್ಬರನ್ನು ಹುಡುಕುವುದು ಕಷ್ಟವಾಗಲಿಲ್ಲ. ಬಾಣಾವರದ ಸ್ಟೇಷನ್ನಿನ ಎದುರು ಸೈಕಲ್ ರಿಪೇರಿ ಮಾಡುತ್ತಿದ್ದ ಇಮಾಮ್ ಸಾಬರು ಪಂಕ್ಚರ್ ಹಾಕುತ್ತಾ ತತ್ವಪದ ಹೇಳುವುದನ್ನು ನಾನೇ ಕೇಳಿದ್ದೆ. ಸೈಕಲ್ಲಿಲ್ಲದವರೂ ಅಲ್ಲಿ ನಿಂತು ಹೋಗುತ್ತಿದ್ದರು. ಇನ್ನೊಬ್ಬಳು ಮಾದಿಹಳ್ಳಿಯ ಕೆಂಚಮ್ಮ. ಒಮ್ಮೆ ನಾನಿದ್ದ ಬಸ್ಸು ಅಲ್ಲಿ ಕೆಟ್ಟು ನಿಂತಾಗ, ರಸ್ತೆಬದಿಯ ಮನೆಯೊಳಗಿಂದ ಅವಳು ರಾಗಿ ಬೀಸುತ್ತಾ ಹಾಡುತ್ತಿದ್ದುದು ಕೇಳಿಸಿತ್ತು. ಬಸ್ಸು ಸರಿಹೋದಾಗ ನನಗೆ ಬೇಸರವಾದದ್ದು ಅದೊಂದೇ ಸಲ. ಕರೆಯಲು ಹೋದಾಗ ಅವಳು, ಸುಮ್ಮನೆ ಕುಳಿತು ಹಾಡಲು ತನಗೆ ಹುಚ್ಚೇ ಎಂದು ಕೇಳಿದಳು. ಕೈಯಲ್ಲಿ ಬೀಸುವ ಗೂಟ ಹಿಡಿಯದೆ ಅವಳಿಗೆ ಪದ ನೆನಪಾಗುವುದಿಲ್ಲವಂತೆ. ಅರಸೀಕೆರೆಯಲ್ಲಿ ಮಗಳ ಮನೆಯಿತ್ತು, ಬರಲು ಅಡ್ಡಿಯಿರಲಿಲ್ಲ, ಆದರೆ ಬೀಸುವ ಕಲ್ಲು ಬೇಕು. ನಮ್ಮ ಮನೆಯ ಕಲ್ಲನ್ನೇ ತಳ್ಳುಗಾಡಿಯಲ್ಲಿ ಉಗ್ರಾಣಕ್ಕೆ ಸಾಗಿಸಿದೆ. ಕಲ್ಲು ಹೋದಮೇಲೆ ರಾಗಿಯೂ ಹೋಗಲಿ ಎಂದು ಶಾರದೆ ಒಂದು ಡಬ್ಬ ರಾಗಿಯನ್ನೂ ಜೊತೆಗೆ ಕಳಿಸಿದಳು.

ವೇಳಾಪಟ್ಟಿಯನ್ನು ಬಹಳ ಎಚ್ಚರಿಕೆಯಿಂದ ಹಾಕಿದ್ದೆ. ನಾಲ್ಕು ಗಂಟೆಗೆ ಇಮಾಮ್ ಸಾಬರು, ನಾಲ್ಕೂವರೆಗೆ ಕೆಂಚಮ್ಮ, ಐದರಿಂದ ಆರರವರೆಗೆ ಮಂಜಯ್ಯ. ಮಾರನೆಯ ದಿನ ಬೆಳಗಿನ ಜಾವಕ್ಕೆ ಹಳೇಬೀಡಿನಲ್ಲಿ ಅವನಿಗೆ ಮದುವೆಯಿತ್ತು, ಆರೂಕಾಲರ ಬಸ್ಸನ್ನು ಅವನು ಹಿಡಿಯಲೇಬೇಕಿತ್ತು. ಒಂದು ಗಂಟೆ ಪೂರ್ತಿ ನಿನ್ನದು, ಯಾರೂ ಬೆರಳೆತ್ತುವುದಿಲ್ಲ ಎಂದು ನಾನೇ ಮಾತು ಕೊಟ್ಟಿದ್ದೆ. ಎಲ್ಲವೂ ಸರಿಯಾಗಿತ್ತು, ಒಂದು ಸಣ್ಣ ಲೋಪದ ಹೊರತು. ಆ ಪಟ್ಟಿಯಲ್ಲಿ ನಾನು ನನಗೆ ಸಮಯ ಇಟ್ಟುಕೊಂಡಿರಲಿಲ್ಲ.

ಭಾನುವಾರ ಜನ ಚೆನ್ನಾಗಿ ಸೇರಿದರು. ಹೆಂಗಸರೇ ಮೂರು ಚಾಪೆ ತುಂಬ ಇದ್ದರು. ಎರಡು ಮಾತು ಹೇಳಿ ಕುಳಿತುಬಿಡೋಣ ಎಂದು ಎದ್ದೆ. ಎದುರಿಗೆ ಅಷ್ಟು ಮುಖಗಳು ಸುಮ್ಮನೆ ನನ್ನನ್ನೇ ನೋಡುತ್ತಿರುವುದು ಭೂಗೋಳದ ಮೇಷ್ಟ್ರಿಗೆ ಎಲ್ಲಿ ಸಿಕ್ಕಬೇಕು? ತರಗತಿಯಲ್ಲಿ ಗಂಗಾ ನದಿಯ ಬಯಲಿಗೆ ಬರುವಷ್ಟರಲ್ಲಿ ಅರ್ಧ ಜನ ಕಿಟಕಿಯಾಚೆ ಇರುತ್ತಾರೆ. ಹೊಯ್ಸಳರಿಂದ ಶುರುಮಾಡಿದೆ. ಬೇಲೂರಿನ ಗೋಡೆಯ ಮೇಲೆ ಕಲ್ಲಿನವರು ಮದ್ದಲೆ ಬಾರಿಸುತ್ತಿದ್ದಾರೆ, ಜೀವಂತ ಇರುವವರನ್ನು ನಾವು ಕೇಳುತ್ತಿಲ್ಲ ಎಂದೆ. ಯಾರೋ ತಲೆದೂಗಿದರು. ಅದು ನನಗೆ ಸಾಕಾಯಿತು. ಇಮಾಮ್ ಸಾಬರು ಹಾಡಲು ಕುಳಿತಾಗ ನಾಲ್ಕೂ ಮೂವತ್ತೈದು. ಅವರ ಹಾಡು ಎಷ್ಟು ಚೆನ್ನಾಗಿತ್ತೆಂದರೆ, ಅದು ಮುಗಿದಮೇಲೆ ಏಕೆ ಚೆನ್ನಾಗಿತ್ತೆಂದು ವಿವರಿಸುವುದು ನನ್ನ ಕರ್ತವ್ಯವೆನ್ನಿಸಿತು.

ಕೆಂಚಮ್ಮನ ಸರದಿ ಬಂದಾಗ ಬೀಸುವ ಪದದ ಮಹತ್ವವನ್ನು ಹೇಳತೊಡಗಿದೆ. ಅವಳು ಸ್ವಲ್ಪ ಹೊತ್ತು ನನ್ನನ್ನು ನೋಡಿದಳು. ಆಮೇಲೆ ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಸುರಿದು ಬೀಸಲು ಶುರುಮಾಡಿದಳು. ಗರಗರ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸದಾಯಿತು, ಕುಳಿತುಕೊಂಡೆ. ಅವಳು ಹಾಡಿದಳು. ತವರಿನ ಪದ ಬಂದಾಗ ಚಾಪೆಯ ಮೇಲಿದ್ದ ಹೆಂಗಸರು ಒಬ್ಬೊಬ್ಬರಾಗಿ ದನಿಗೂಡಿಸಿದರು. ಆ ಪದಗಳೆಲ್ಲ ಅವರಿಗೂ ಬರುತ್ತಿದ್ದವು. ಒಬ್ಬ ಮುದುಕಿ ಎದ್ದುಹೋಗಿ ಕಲ್ಲಿನ ಇನ್ನೊಂದು ಬದಿಗೆ ಕುಳಿತು ಗೂಟಕ್ಕೆ ಕೈ ಕೊಟ್ಟಳು. ಅಂಥ ಹಾಡನ್ನು ಅರ್ಧಕ್ಕೆ ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ, ರಾಗಿ ಮುಗಿದಾಗಲೇ ಮುಗಿಯಿತು.

ಮಂಜಯ್ಯ ನಾಗಸ್ವರ ಕೈಗೆತ್ತಿಕೊಂಡಾಗ ಐದೂವರೆ ದಾಟಿತ್ತು. ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಆದರೆ ಇವನ ಕಥೆಯೇ ಎಲ್ಲಕ್ಕಿಂತ ದೊಡ್ಡದು, ಅದನ್ನು ಹೇಳದಿದ್ದರೆ ಜನಕ್ಕೆ ಕಲ್ಯಾಣಿಯ ಬೆಲೆ ಹೇಗೆ ತಿಳಿಯಬೇಕು? ಇಪ್ಪತ್ತೈದು ವರ್ಷದಿಂದ ಒಂದು ರಾಗವನ್ನು ಪೂರ್ತಿ ನುಡಿಸಲು ಈ ಕಲಾವಿದನಿಗೆ ಅವಕಾಶ ಸಿಕ್ಕಿಲ್ಲ ಎಂದು ನಾನು ಮನಮುಟ್ಟುವಂತೆ ಹೇಳುತ್ತಿದ್ದೆ, ಅವನು ಅವಕಾಶಕ್ಕಾಗಿ ಕಾಯುತ್ತಾ ಕುಳಿತಿದ್ದ.

ಕೊನೆಗೂ ಶುರುವಾಯಿತು. ಉಗ್ರಾಣದ ತಗಡಿನ ಮಾಡಿನ ಕೆಳಗೆ ಆ ದನಿ ತುಂಬಿಕೊಂಡಿತು. ಪೋಸ್ಟ್ ಮಾಸ್ಟರು ಬಾಗಿಲಲ್ಲಿ ಬಂದು ನಿಂತಿದ್ದರು. ಮಂಜಯ್ಯ ಮೇಲೇರುತ್ತಿದ್ದಂತೆ ರುದ್ರಪ್ಪನವರು ನನ್ನ ಭುಜ ಮುಟ್ಟಿ ಗಡಿಯಾರ ತೋರಿಸಿದರು. ಬಸ್ಸಿಗೆ ಹೊತ್ತಾಗಿತ್ತು. ಇನ್ನೊಂದು ನಿಮಿಷದಲ್ಲಿ ಮೆಲ್ಲಗೆ ಮುಗಿಸು ಎಂದು ಸೂಚಿಸಲು ನಾನು ಎದ್ದು ಒಂದು ಬೆರಳೆತ್ತಿದೆ.

ಪುಟ್ಟಯ್ಯ ಅದನ್ನು ನೋಡಿದ. ಜೀವಮಾನವಿಡೀ ಎತ್ತಿದ ಬೆರಳಿಗೆ ಒಂದೇ ಅರ್ಥ ಕಲಿತವನು ಅವನು. ಡೋಲನ್ನು ಗಟ್ಟಿಮೇಳಕ್ಕೆ ಬಡಿದೇಬಿಟ್ಟ. ಹಿಂದಿನ ಸಾಲಿನವರು ಅಭ್ಯಾಸಬಲದಿಂದ ಎದ್ದು ನಿಂತರು. ಯಾರೋ ನಕ್ಕರು. ಮಂಜಯ್ಯ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ನಾಗಸ್ವರದ ತುದಿ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಸಭೆಗೆ ಕೈಮುಗಿದು ಹೊರಟ. ಬಸ್ಸಿನ ಕಿಟಕಿಯ ಬಳಿ ನಿಂತು ನಾನು ತೊದಲುತ್ತಿದ್ದಾಗ, "ಇರ್ಲಿ ಬಿಡಿ ಸ್ವಾಮಿ, ಅಭ್ಯಾಸ ಆಗೈತೆ," ಎಂದ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮನೆಗೆ ಬಂದಾಗ ಶಾರದೆ ನನಗಿಂತ ಮೊದಲೇ ಉಗ್ರಾಣದಿಂದ ಬಂದು, ಕೆಂಚಮ್ಮ ಬೀಸಿದ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದಳು. ಮಂಜಯ್ಯ ಎಷ್ಟು ಹೊತ್ತು ನುಡಿಸಿದ ಎಂದು ನಾನೇ ಕೇಳಿದೆ, ಏನಾದರೂ ಸಮಾಧಾನ ಹೇಳಿಯಾಳು ಎಂಬ ಆಸೆಯಿಂದ. "ಕೆಂಚಮ್ಮನ ಲೆಕ್ಕದಲ್ಲಿ ಹೇಳೋದಾದ್ರೆ, ಅವನು ನುಡಿಸಿದ್ದು ಅರ್ಧ ಸೇರು ರಾಗಿ ಬೀಸೋವಷ್ಟು ಹೊತ್ತು," ಎಂದಳು. "ನೀವು ಮಾತಾಡಿದ್ದರಲ್ಲಿ ನಮಗೆ ತಿಂಗಳ ಹಿಟ್ಟಾಗ್ತಿತ್ತು."

ಆ ವಾರವೆಲ್ಲ ನನಗೆ ಊಟ ರುಚಿಸಲಿಲ್ಲ. ಬೇರೆಯವರು ಅವನ ರಾಗ ಕತ್ತರಿಸಿದ್ದು ತಾಳಿ ಕಟ್ಟುವುದಕ್ಕೆ. ನಾನು ಕತ್ತರಿಸಿದ್ದು ಅವನನ್ನು ಹೊಗಳುವುದಕ್ಕೆ. ಮುಂದಿನ ಭಾನುವಾರ ಹಳೇಬೀಡಿಗೆ ಹೋದೆ. ಮಂಜಯ್ಯ ಜಗಲಿಯ ಮೇಲೆ ನಾಗಸ್ವರಕ್ಕೆ ಎಣ್ಣೆ ಸವರುತ್ತಾ ಕುಳಿತಿದ್ದ. ಚಾಪೆ ಹಾಸಿ, ಮಜ್ಜಿಗೆ ಕೊಡಿಸಿದ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಇನ್ನೊಮ್ಮೆ ಬರಬೇಕು, ರುದ್ರಪ್ಪನವರ ಮನೆಯಲ್ಲೇ ಉಳಿಯಬಹುದು, ಬಸ್ಸಿನ ಗೊಡವೆಯೇ ಇಲ್ಲ ಎಂದೆಲ್ಲ ಹೇಳಿದೆ. ಅವನು ಬಹಳ ಹೊತ್ತು ಎಣ್ಣೆ ಸವರಿದ.

"ಬತ್ತೀನಿ ಸ್ವಾಮಿ," ಎಂದ ಕೊನೆಗೆ. "ಒಂದ್ ಮಾತು, ಬೇಜಾರ್ ಮಾಡ್ಕಬಾರ್ದು. ತಾವು ನನ್ ಬಗ್ಗೆ ಭಾಳ ಒಳ್ಳೇ ಮಾತಾಡಿದ್ರಿ. ಈ ಸಲ ಅದು ಬ್ಯಾಡ."

ಆಷಾಢದ ಎರಡನೆಯ ಭಾನುವಾರ ಅದೇ ಉಗ್ರಾಣದಲ್ಲಿ ಮೂವರೂ ಮತ್ತೆ ಸೇರಿದರು, ಮಂಜಯ್ಯ ಕಲ್ಯಾಣಿಯನ್ನು ಪೂರ್ತಿ ನುಡಿಸಿದ. ಅದು ಹೇಗಿತ್ತೆಂದು ಹೇಳಲು ನನಗೆ ಭೂಗೋಳ ಬಿಟ್ಟು ಬೇರೆ ಭಾಷೆಯಿಲ್ಲ. ಬೇಲೂರು ದಾಟಿ ಮಲೆನಾಡಿನ ಅರೇಹಳ್ಳಿಯ ಕಡೆ ಬಸ್ಸು ತಿರುವು ತಿರುವಾಗಿ ಏರುವಾಗ, ಇದೇ ಕಡೆಯದು ಎಂದುಕೊಂಡಲ್ಲೇ ಇನ್ನೊಂದು ತಿರುವು ಬಿಚ್ಚಿಕೊಂಡು, ಆಮೇಲೆ ಒಮ್ಮೆಲೇ ಇಡೀ ಕಣಿವೆ ಕಾಣುತ್ತದಲ್ಲ, ಹಾಗೆ. ಮುಗಿದಮೇಲೆ ಮಂಜಯ್ಯ ನಾಗಸ್ವರವನ್ನು ಮಡಿಲಲ್ಲಿಟ್ಟುಕೊಂಡ. ಪೋಸ್ಟ್ ಮಾಸ್ಟರು ಎದ್ದುಬಂದು ಅವನ ಕೈ ಹಿಡಿದುಕೊಂಡರು. ನಾನು ಅಷ್ಟು ಹೊತ್ತೂ ಬಾಗಿಲ ಬಳಿ, ಜನ ಬಿಟ್ಟ ಚಪ್ಪಲಿಗಳ ನಡುವೆ, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

ಮಾತಿಗೆ ಬದಲಾಗಿ ಆ ದಿನ ಒಂದು ಕರಿಹಲಗೆ ತಂದಿರಿಸಿ, ಹಾಡುವವರ ಹೆಸರು, ಊರು ಬರೆದಿದ್ದೆ. ಎಲ್ಲರ ಕೆಳಗೆ, ಮೂಲೆಯಲ್ಲಿ, ಕಂಡೂ ಕಾಣದಷ್ಟು ಸಣ್ಣದಾಗಿ ನನ್ನ ಹೆಸರನ್ನೂ ಬರೆದಿದ್ದೆ. ಬರೆಯದೆ ಇರಲು ಪ್ರಯತ್ನಿಸಿದೆ, ಆಗಲಿಲ್ಲ. ಕಾರ್ಯಕ್ರಮ ಮುಗಿದಮೇಲೆ ಕೆಂಚಮ್ಮ ಹಲಗೆಯ ಮುಂದೆ ನಿಂತು ಮೊಮ್ಮಗಳ ಕೈಲಿ ಎಲ್ಲ ಹೆಸರುಗಳನ್ನೂ ಓದಿಸಿಕೊಂಡಳು. ತನ್ನ ಹೆಸರನ್ನು ಎರಡು ಸಲ ಓದಿಸಿದಳು. ಅವಳಿಗೆ ನಾನು ಬರೀ ಮೇಷ್ಟ್ರು, ನನ್ನ ಹೆಸರು ತಿಳಿದಿರಲಿಲ್ಲ. ಆಮೇಲೆ ಪಕ್ಕದಲ್ಲಿದ್ದ ಶಾರದೆಯನ್ನು ಕೇಳಿದಳು, "ಕಡೇದಾಗಿ ಅದ್ಯಾರ್ದೋ ಎಸ್ರು ಐತಂತಲ್ಲವ್ವ, ಅವ್ರ್ ಯಾವ್ ಪದ ಆಡ್ತಾರೆ?"

"ಅವರು ಈಗ ಹಾಡೋದು ಬಿಟ್ಟಿದ್ದಾರೆ ಕಣಮ್ಮ," ಎಂದಳು ಶಾರದೆ.

ಕೆಂಚಮ್ಮ ಮರುಕದಿಂದ ಹಲಗೆಯ ಮೂಲೆಯನ್ನು ನೋಡಿದಳು. "ಅಯ್ಯೋ ಪಾಪ," ಎಂದಳು. "ಯಾರೂ ಕರೀಲಿಲ್ವೇನೋ."